ನಾನು ಮೂಕ ಮಾಡಿದ ಕಂಪ್ಯೂಟರ್

ಎರಡು ತಿಂಗಳ ಹಿಂದೆ, ಒಂದು ಭಾನುವಾರ. ಬೆಳಿಗ್ಗೆ ಹನ್ನೊಂದು ಗಂಟೆಗೆ ನಾಗರತ್ನ ಅವರ ಕಂಪ್ಯೂಟರ್ ಮಾತಾಡುತ್ತಿತ್ತು. ಹನ್ನೊಂದೂವರೆಗೆ ಅದರ ದನಿ ನಿಂತುಹೋಯಿತು. ಆ ಅರ್ಧ ಗಂಟೆ ಅದರ ಮುಂದೆ ಕೂತಿದ್ದವನು ನಾನು.

ಅವರು ನನ್ನನ್ನು ಕರೆದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ನಾಚಿಕೆಯಾಗುತ್ತದೆ.

ನಾಗರತ್ನ ವಿಜಯನಗರದ ನಮ್ಮ ಕ್ರಾಸಿನಲ್ಲೇ, ನಮ್ಮಿಂದ ಮೂರನೇ ಮನೆಯ ಕೆಳಗಿನ ಪೋರ್ಷನ್‌ನಲ್ಲಿ ತಾಯಿ ಜಯಮ್ಮನವರ ಜೊತೆ ಇದ್ದಾರೆ. ವಯಸ್ಸು ನಲವತ್ತೊಂದು. ಹತ್ತೊಂಬತ್ತನೇ ವಯಸ್ಸಿನಲ್ಲಿ ಕಾಯಿಲೆ ಬಿದ್ದು ಎರಡೂ ಕಣ್ಣು ಹೋದವು. ರಾಜಾಜಿನಗರದ ಕಡೆ ಒಂದು ಸರ್ಕಾರಿ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್. (ಯಾವ ಕಚೇರಿ ಅಂತ ಕೇಳಬೇಡಿ, ಅವರಿಗೆ ಇಷ್ಟವಾಗುವುದಿಲ್ಲ.) ಹದಿನೇಳು ವರ್ಷದಿಂದ ಆ ಕಚೇರಿಗೆ ಫೋನ್ ಮಾಡಿದವರಿಗೆಲ್ಲ ಮೊದಲು ಕೇಳಿಸಿದ್ದು ಅವರ ದನಿ. ಯಾವ ಸೆಕ್ಷನ್‌ಗೆ ಯಾವ ನಂಬರು, ಯಾವ ಸಾಹೇಬರು ಇವತ್ತು ರಜೆ, ಎಲ್ಲವೂ ಬಾಯಿಪಾಠ.

ಅವರ ಮನೆಯ ಕಂಪ್ಯೂಟರಿಗೆ ಏಳೆಂಟು ವರ್ಷ ವಯಸ್ಸು. ಹಳೇ ವಿಂಡೋಸ್, ಬೆಳ್ಳಗಿದ್ದು ಈಗ ಹಳದಿಯಾದ ಡಬ್ಬ, ಸ್ವಿಚ್ ಒತ್ತಿದರೆ ಹಿಟ್ಟಿನ ಗಿರಣಿಯ ಹಾಗೆ ಸದ್ದು. ಆದರೆ ಅದರಲ್ಲಿ ಸ್ಕ್ರೀನ್ ರೀಡರ್ ಅನ್ನುವ ಸಾಫ್ಟ್‌ವೇರ್ ಇದೆ. ಪರದೆಯ ಮೇಲೆ ಏನಿದೆಯೋ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಒಂದೊಂದು ಕೀಲಿ ಒತ್ತಿದಾಗಲೂ ಯಾವ ಅಕ್ಷರ ಅಂತ ಹೇಳುತ್ತದೆ. ಇಂಗ್ಲಿಷ್ ಮಾತ್ರ ಬರುತ್ತದೆ, ಕನ್ನಡ ಬರುವುದಿಲ್ಲ. (ಅಂಥವರು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ, ಇದೊಂದು ಯಂತ್ರವನ್ನು ಯಾಕೆ ಬೈಯುವುದು?)

ಹಿಂದಿನ ದಿನ, ಶನಿವಾರ, ನಾನು ಅವರ ಮನೆಗೆ ಹೋಗಿದ್ದು ಅವರು ಚಕ್ಕುಲಿ ಕಳಿಸಿದ್ದ ಡಬ್ಬಿ ವಾಪಸ್ ಕೊಡುವುದಕ್ಕೆ. ಡಬ್ಬಿ ಕೊಟ್ಟು ಬರಬೇಕಿತ್ತು. ಬರಲಿಲ್ಲ. ಒಳಗಿನಿಂದ ಆ ಯಂತ್ರದ ದನಿ ಕೇಳಿಸುತ್ತಿತ್ತು, ಗಂಟಲಲ್ಲಿ ಮರಳು ಸಿಕ್ಕಿಕೊಂಡ ಹಾಗೆ ಕರಕರ.

"ಏನಿದು ಮೇಡಂ, ಇಷ್ಟು ಕೆಟ್ಟದಾಗಿ ಕೇಳಿಸ್ತಿದೆ?" ಅಂದೆ.

"ಮೊದಲಿಂದಾನೂ ಹಾಗೇ ಸಾರ್. ನಂಗೆ ಅಭ್ಯಾಸ ಆಗ್ಬಿಟ್ಟಿದೆ."

"ಸೌಂಡ್ ಕಾರ್ಡ್ ಡ್ರೈವರ್ ಹಳೇದಾಗಿರುತ್ತೆ. ಅಪ್‌ಡೇಟ್ ಮಾಡಿದ್ರೆ ಗಂಟೆ ಹೊಡೆದ ಹಾಗೆ ಕೇಳುತ್ತೆ. ಅರ್ಧ ಗಂಟೆ ಕೆಲಸ. ನಾಳೆ ಬಂದು ಮಾಡಿಕೊಡ್ತೀನಿ."

"ಬೇಡ ಸಾರ್. ಮುಂದಿನ ಭಾನುವಾರ ಪರೀಕ್ಷೆ ಇದೆ. ಆಮೇಲೆ ನೋಡೋಣ."

ಪರೀಕ್ಷೆಯ ವಿಷಯ ನನಗೆ ಗೊತ್ತಿತ್ತು. ಅವರ ಕಚೇರಿಗೆ ಹೊಸ ಫೋನ್ ವ್ಯವಸ್ಥೆ ಬರುವುದಿದೆ. ಈ ಸೆಕ್ಷನ್‌ಗೆ ಒಂದು ಒತ್ತಿ, ಆ ಸೆಕ್ಷನ್‌ಗೆ ಎರಡು ಒತ್ತಿ ಅನ್ನುವಂಥದ್ದು. ಅದು ಬಂದರೆ ಆಪರೇಟರ್‌ಗೆ ಕೆಲಸವಿಲ್ಲ. ಸಂಬಳ ನಿಲ್ಲುವುದಿಲ್ಲ, ಮನೆಗೆ ಕಳಿಸುವುದಿಲ್ಲ. ಎಲ್ಲಾದರೂ ಒಂದು ಮೂಲೆಯಲ್ಲಿ ಕುರ್ಚಿ ಹಾಕಿ ಕೂರಿಸುತ್ತಾರೆ, ಅಷ್ಟೇ. ಹತ್ತರಿಂದ ಐದೂವರೆಯವರೆಗೆ ಸುಮ್ಮನೆ ಕೂರುವುದು. ಅದರಿಂದ ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ, ಇಲಾಖಾ ಪರೀಕ್ಷೆ. ಪಾಸಾದರೆ ಸಾರ್ವಜನಿಕರ ದೂರು ಕೇಳುವ ವಿಭಾಗದಲ್ಲಿ ಒಂದು ಹುದ್ದೆ. ಜನರ ಜೊತೆ ಮಾತಾಡುವ ಕೆಲಸ.

ಅದಕ್ಕಾಗಿ ಏಳು ತಿಂಗಳಿಂದ ಓದುತ್ತಿದ್ದರು. ಓದುವುದು ಅಂದರೆ ಹೇಗೆ? ಕಚೇರಿಯ ಗೆಳತಿ ಗಿರಿಜಾ ಊಟದ ಬಿಡುವಿನಲ್ಲಿ ನಿಯಮಗಳ ಪುಸ್ತಕವನ್ನು ಕ್ಯಾಸೆಟ್ಟಿಗೆ ಓದುವುದು. ಇವರು ಮನೆಗೆ ಬಂದು ಅದನ್ನು ಕೇಳುತ್ತಾ ಕಂಪ್ಯೂಟರಿನಲ್ಲಿ ನೋಟ್ಸ್ ಟೈಪ್ ಮಾಡುವುದು. ಇದ್ದದ್ದು ಎರಡೇ ಕ್ಯಾಸೆಟ್. ಟೈಪ್ ಮುಗಿದ ಮೇಲೆ ಅದರ ಮೇಲೇ ಮುಂದಿನ ಅಧ್ಯಾಯ. ಹೀಗೆ ನೂರ ಅರವತ್ತು ಪುಟ ಆಗಿತ್ತು. ಎಲ್ಲವೂ ಆ ಹಳದಿ ಡಬ್ಬದೊಳಗೆ. ಉಳಿದದ್ದು ಕೊನೆಯ ಒಂದು ವಾರ, ಪುನರಾವರ್ತನೆಗೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಶನಿವಾರ ಸಂಜೆ ಸೈಬರ್ ಕೆಫೆಗೆ ಹೋದೆ. ಅವರ ಮನೆಯಲ್ಲೇ ನೋಡಿಕೊಂಡು ಬಂದಿದ್ದ ಕಾರ್ಡಿನ ಹೆಸರು ಹುಡುಕಿದೆ, ಹೊಸ ಡ್ರೈವರ್ ಇಳಿಸಿಕೊಂಡೆ, ಸೀಡಿಗೆ ಹಾಕಿಸಿದೆ. ಮನೆಯಲ್ಲಿ ಹೆಮ್ಮೆಯಿಂದ ಹೇಳಿಯೂ ಹೇಳಿದೆ.

"ಅವರು ಆಮೇಲೆ ನೋಡೋಣ ಅಂದ್ರು ಅಂತೀರ. ಮತ್ತೆ ನಿಮ್ಮನ್ನ ಯಾರ್ರೀ ಕರೆದಿದ್ದು?" ಅಂದಳು ಹೆಂಡತಿ.

"ಪಾಪ, ಸಂಕೋಚ ಅವರಿಗೆ" ಅಂದೆ.

ನೋಡಿ, ಎಷ್ಟು ಸುಲಭ. ಎದುರಿನವರು ಬೇಡ ಅಂದರೆ ಅದಕ್ಕೆ ಸಂಕೋಚ ಅಂತ ಹೆಸರಿಟ್ಟರಾಯಿತು.

ಭಾನುವಾರ ಹೋದಾಗ ನಾಗರತ್ನ ಓದುತ್ತಿದ್ದರು. ನಾನು ಸೀಡಿ ತಂದಿದ್ದೇನೆ ಅಂದಾಗ "ಏನೂ ತೊಂದ್ರೆ ಆಗಲ್ಲ ತಾನೇ ಸಾರ್?" ಅಂತ ಕೇಳಿದರು. ಏನೂ ಆಗಲ್ಲ ಅಂದೆ. ಅವರು ಎದ್ದು ಕುರ್ಚಿ ಬಿಟ್ಟುಕೊಟ್ಟರು.

ಡ್ರೈವರ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಕಂಪ್ಯೂಟರಿಗೂ ಅದರೊಳಗಿನ ಸೌಂಡ್ ಕಾರ್ಡಿಗೂ ನಡುವೆ ನಿಂತು ಮಾತು ದಾಟಿಸುವ ಚಿಕ್ಕ ಪ್ರೋಗ್ರಾಂ ಅದು. ಅದಿಲ್ಲದಿದ್ದರೆ ಕಾರ್ಡ್ ಇದ್ದೂ ಇಲ್ಲದ ಹಾಗೆ. ಹೊಸದು ಹಾಕುವ ಮೊದಲು ಹಳೆಯದನ್ನು ತೆಗೆಯಬೇಕು ಅಂತ ಎಲ್ಲೋ ಓದಿದ್ದೆ. ತೆಗೆದೆ. ಖಂಡಿತ ತೆಗೆಯಬೇಕೇ ಅಂತ ಯಂತ್ರ ಕೇಳಿತು. ಅದೂ ಕೇಳಿತು. ಹೌದು ಅಂತ ಒತ್ತಿದೆ.

ಮತ್ತೆ ಸ್ಟಾರ್ಟ್ ಮಾಡಿ, ಸೀಡಿ ಹಾಕಿ, ಹೊಸ ಡ್ರೈವರ್ ಹಾಕಿದೆ. ಪರದೆ ನೀಲಿಯಾಗಿ ನಿಂತಿತು. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ನೀಲಿ. ಹೇಗೋ ಮಾಡಿ ಆ ಹೊಸದನ್ನು ತೆಗೆದ ಮೇಲೆ ಕಂಪ್ಯೂಟರ್ ಶುರುವಾಯಿತು. ಪರದೆ ಸರಿಯಾಗಿ ಬಂತು, ಅವರ ಫೈಲುಗಳೆಲ್ಲ ಇದ್ದವು. ಸೌಂಡ್ ಕಾರ್ಡಿನ ಹೆಸರಿನ ಪಕ್ಕದಲ್ಲಿ ಮಾತ್ರ ಹಳದಿ ಬಣ್ಣದ ಆಶ್ಚರ್ಯಸೂಚಕ ಚಿಹ್ನೆ.

"ಆಯ್ತಾ ಸಾರ್?" ಅಂದರು ನಾಗರತ್ನ ಹಿಂದಿನಿಂದ.

"ಒಂದು ನಿಮಿಷ" ಅಂದೆ.

ಆ ಒಂದು ನಿಮಿಷ ಎರಡು ಗಂಟೆ ಆಯಿತು. ಜಯಮ್ಮನವರು ಕಾಫಿ ತಂದಿಟ್ಟರು, ಅದು ಆರಿತು. ಹಳೇ ಡ್ರೈವರ್ ಇದ್ದ ಸೀಡಿ ಎಲ್ಲಿದೆ ಅಂತ ಕೇಳಿದೆ. ಕಂಪ್ಯೂಟರ್ ಕಲಿಸಿದ ತರಬೇತಿ ಕೇಂದ್ರದಲ್ಲಿ ಇರಬಹುದು ಅಂದರು. ಫೋನ್ ಮಾಡಿದೆವು. ಯಾರೂ ಎತ್ತಲಿಲ್ಲ. ಆ ವಾರವಿಡೀ ಕೇಂದ್ರಕ್ಕೆ ರಜೆ, ಮೇಷ್ಟ್ರು ಊರಿಗೆ ಹೋಗಿದ್ದಾರೆ ಅಂತ ಅಲ್ಲಿನ ಇನ್ನೊಬ್ಬ ವಿದ್ಯಾರ್ಥಿನಿಯಿಂದ ತಿಳಿಯಿತು. ಮೇಷ್ಟ್ರ ಮೊಬೈಲ್ ಸಿಗುತ್ತಿರಲಿಲ್ಲ.

ಕೊನೆಗೆ ನಾಗರತ್ನ ಬಂದು ಕುರ್ಚಿಯಲ್ಲಿ ಕೂತರು. ಕೀಬೋರ್ಡಿನ ಮೇಲೆ ಬೆರಳಿಟ್ಟು ಒಂದು ಅಕ್ಷರ ಒತ್ತಿದರು. ಪರದೆಯ ಮೇಲೆ ಅಕ್ಷರ ಮೂಡಿತು. ನನಗೆ ಕಾಣಿಸಿತು. ಇನ್ನೊಂದು ಒತ್ತಿದರು. ಅದೂ ಮೂಡಿತು. ಅವರು ತಲೆಯನ್ನು ಸ್ವಲ್ಪ ವಾಲಿಸಿಕೊಂಡು ಕಾಯುತ್ತಿದ್ದರು.

ಆಮೇಲೆ ಬೆರಳು ತೆಗೆದು ಮಡಿಲಲ್ಲಿಟ್ಟುಕೊಂಡರು.

ಕಾರ್ಡನ್ನು ಬಿಚ್ಚಿ ಪೇಪರಿನಲ್ಲಿ ಸುತ್ತಿಕೊಂಡು ಬಾಪೂಜಿ ನಗರಕ್ಕೆ ಹೋದೆ. ಅಲ್ಲಿ ಬಸವರಾಜ್ ಅಂತ ಒಬ್ಬರು ಕಂಪ್ಯೂಟರ್ ಜೋಡಿಸಿ ಕೊಡುವ ಅಂಗಡಿ ಇಟ್ಟಿದ್ದಾರೆ. ಬಾಗಲಕೋಟೆ ಕಡೆಯವರು. ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ಸೀಡಿಯನ್ನೂ ತಮ್ಮ ಕಂಪ್ಯೂಟರಿಗೆ ಹಾಕಿ ನೋಡಿದರು.

"ಸರ, ಇದರ ಮ್ಯಾಲಿನ ಹೆಸರು ಒಂದ ಐತ್ರಿ, ಒಳಗಿನ ಚಿಪ್ ಬ್ಯಾರೆ. ಒಂದ ಹೆಸರಿನ್ಯಾಗ ಎರಡು ನಮೂನಿ ಕಾರ್ಡ್ ಬಂದಿದ್ವು. ನೀವು ತಂದ ಡ್ರೈವರ್ ಇನ್ನೊಂದು ನಮೂನಿದು."

"ಹಳೇದು ಎಲ್ಲಾದರೂ ಸಿಗುತ್ತಾ?"

"ಕಂಪನಿನ ಮುಚ್ಚಿ ಹೋಗೇತ್ರಿ. ಎಲ್ಲಿಂದ ತರೂದು?" ಕಾರ್ಡನ್ನು ವಾಪಸ್ ಕೊಡುತ್ತಾ ಹೇಳಿದರು, "ಹಳೇದು ತಗೀಬಾರದಿತ್ರಿ ಸರ. ಕೆಲಸ ಮಾಡಾಕತ್ತಿತ್ತಲ್ಲ?"

ಕೆಲಸ ಮಾಡುತ್ತಿತ್ತು. ಕರಕರ ಅನ್ನುತ್ತಾ ಏಳು ತಿಂಗಳು ಇಲಾಖಾ ನಿಯಮಗಳನ್ನು ಓದಿ ಹೇಳಿತ್ತು.

ಬಸವರಾಜ್ ಹೊಸ ಕಾರ್ಡ್ ಕೊಟ್ಟು ನೋಡಿದರು. ಅದರ ಜೊತೆ ಬಂದ ಡ್ರೈವರ್ ಹೊಸ ವಿಂಡೋಸ್‌ಗೆ ಮಾತ್ರ. ಹೊಸ ವಿಂಡೋಸ್ ಹಾಕೋಣ ಅಂದರೆ ಆ ಮುದಿ ಯಂತ್ರಕ್ಕೆ ಶಕ್ತಿ ಇಲ್ಲ. ನನ್ನ ಮನೆಯ ಕಂಪ್ಯೂಟರನ್ನೇ ಅವರಿಗೆ ಕೊಡೋಣ ಅಂದರೆ ಅದರಲ್ಲಿ ಸ್ಕ್ರೀನ್ ರೀಡರ್ ಇಲ್ಲ, ಅದರ ಸೀಡಿಯೂ ಬೀಗ ಹಾಕಿದ ಆ ಕೇಂದ್ರದಲ್ಲೇ. ಸೋಮವಾರ ರಜೆ ಹಾಕಿ ಎಸ್.ಪಿ. ರೋಡಿನ ಅಂಗಡಿ ಅಂಗಡಿ ಅಲೆದೆ. ಒಬ್ಬರು ನಕ್ಕರು, ಒಬ್ಬರು ಕಾರ್ಡನ್ನು ಮುಟ್ಟಲೂ ಇಲ್ಲ. ಇಂಥ ಹಳೆಯ ಕಾರ್ಡಿಗೆ ಡ್ರೈವರ್ ಕೇಳಿಕೊಂಡು ಬಂದವರು ನೀವೇ ಮೊದಲು ಅಂದರು ಇನ್ನೊಬ್ಬರು.

ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ಯೋಚನೆ ಬಂತು. ನೋಟ್ಸ್ ಎಲ್ಲ ಪರದೆಯ ಮೇಲೆ ಕಾಣಿಸುತ್ತಿದೆ. ನನಗೆ ಕಣ್ಣಿದೆ. ನಾನೇ ಓದಿ ಹೇಳಿದರೆ?

ಜಯಮ್ಮನವರಿಗೆ ಕನ್ನಡ ಓದಲು ಬರುತ್ತದೆ, ಆದರೆ ನೋಟ್ಸ್ ಇಂಗ್ಲಿಷಿನಲ್ಲಿ. ಗಿರಿಜಾ ಇರುವುದು ಬ್ಯಾಡರಹಳ್ಳಿಯಲ್ಲಿ, ಮನೆಯಲ್ಲಿ ಎರಡು ಮಕ್ಕಳು. ಸರಿ, ನಾನೇ. ಸೋಮವಾರದಿಂದ ಶನಿವಾರದವರೆಗೆ, ಸಂಜೆ ಆರೂವರೆಯಿಂದ ಎಂಟೂವರೆ. ಹೇಳಿದಾಗ ನಾಗರತ್ನ "ಆಗಲಿ ಸಾರ್" ಅಂದರು. ಬೇರೆ ಏನು ಹೇಳಿಯಾರು?

ನಾನು ಚೆನ್ನಾಗಿ ಓದುತ್ತೇನೆ ಅಂತ ತಿಳಿದುಕೊಂಡಿದ್ದೆ. ವಾರ್ತೆ ಓದುವವರ ಹಾಗೆ, ನಿಲ್ಲಿಸಿ, ಒತ್ತು ಕೊಟ್ಟು ಓದಿದೆ. ಎರಡು ಪುಟ ಆದ ಮೇಲೆ ಅವರು ಕೇಳಿದರು, "ಸಾರ್, ಸ್ವಲ್ಪ ಬೇಗ ಓದ್ತೀರಾ?"

ಬೇಗ ಓದಿದೆ.

"ಇನ್ನೂ ಬೇಗ. ಕಾಮಾ, ಫುಲ್‌ಸ್ಟಾಪ್‌ಗೆಲ್ಲ ನಿಲ್ಲಬೇಡಿ."

ಆಗ ನೆನಪಾಯಿತು. ಅವರ ಯಂತ್ರ ಮಾತಾಡುತ್ತಿದ್ದ ವೇಗ ನಮಗೆ ಅರ್ಥವೇ ಆಗುತ್ತಿರಲಿಲ್ಲ. ಜೀರುಂಡೆ ಕೂಗಿದ ಹಾಗಿರುತ್ತಿತ್ತು. ಅದನ್ನು ಅವರು ಆರಾಮಾಗಿ ಕೇಳುತ್ತಿದ್ದರು. ನಾನು ಒಂದು ಪುಟ ಮುಗಿಸುವಷ್ಟರಲ್ಲಿ ಅದು ನಾಲ್ಕು ಪುಟ ಮುಗಿಸುತ್ತಿತ್ತು. ಮೊದಲ ದಿನ ಎರಡು ಗಂಟೆಗೆ ಹದಿನಾಲ್ಕು ಪುಟ ಆಯಿತು. ನನ್ನ ಗಂಟಲು ಕಟ್ಟಿತು. ನೂರ ಅರವತ್ತು ಪುಟ ಮುಗಿಯುವುದಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಾಯಿತು.

ಎರಡನೇ ದಿನ ಒಂದು ನಿಯಮದ ಹತ್ತಿರ, "ಆ ಮೂರನೇ ಪ್ಯಾರಾ ಇನ್ನೊಂದ್ಸಲ ಸಾರ್" ಅಂದರು. ಓದಿದೆ. "ಸಾರಿ ಸಾರ್, ಇನ್ನೊಂದೇ ಸಲ." ಓದಿದೆ. ಮೂರನೇ ಸಲ ಕೇಳಿದಾಗ ನಾನು ಓದಿದೆ ನಿಜ, ಆದರೆ ಶುರು ಮಾಡುವ ಮೊದಲು ಒಂದು ಉಸಿರು ಬಿಟ್ಟೆ. ಉಸಿರು, ಅಷ್ಟೇ. ಬೇಜಾರಿನಿಂದ ಅಲ್ಲ, ಸುಸ್ತಾಗಿತ್ತು.

ಅವರಿಗೆ ಅದು ಕೇಳಿಸಿತು. ಕೇಳಿಸದೆ ಇರುತ್ತದೆಯೇ, ಹದಿನೇಳು ವರ್ಷ ಜನರ ಉಸಿರನ್ನು ಫೋನಿನಲ್ಲಿ ಕೇಳಿದವರಿಗೆ? ಅದಾದ ಮೇಲೆ ಅವರು ಯಾವ ಪ್ಯಾರಾವನ್ನೂ ಎರಡನೇ ಸಲ ಓದಿ ಅನ್ನಲಿಲ್ಲ. "ಅರ್ಥ ಆಯ್ತಾ ಮೇಡಂ?" ಅಂದರೆ "ಹೂಂ ಸಾರ್, ಮುಂದಕ್ಕೆ ಹೋಗಿ" ಅನ್ನುತ್ತಿದ್ದರು. ಹುಬ್ಬು ಗಂಟಿಕ್ಕಿರುತ್ತಿತ್ತು.

ಗುರುವಾರ ಕೆಂಗೇರಿ ಉಪನಗರದಲ್ಲಿ ನಮ್ಮ ಹತ್ತಿರದವರ ಗೃಹಪ್ರವೇಶ. ಆಫೀಸಿನಿಂದ ನೇರ ಅಲ್ಲಿಗೆ ಹೋದೆ. ಊಟಕ್ಕೆ ಎರಡನೇ ಪಂಕ್ತಿ, ಆಮೇಲೆ ಮೈಸೂರು ರಸ್ತೆಯ ಟ್ರಾಫಿಕ್ಕು. ನಾಗರತ್ನ ಅವರ ಮನೆಗೆ ಬಂದಾಗ ಎಂಟೂಕಾಲು. ಜಯಮ್ಮನವರು ಬಾಗಿಲು ತೆಗೆದರು. ಕಂಪ್ಯೂಟರ್ ಆನ್ ಆಗಿತ್ತು. ನನ್ನ ಕುರ್ಚಿ ಹಾಕಿ, ಪಕ್ಕದಲ್ಲಿ ಒಂದು ಲೋಟ ನೀರು ಮುಚ್ಚಿಟ್ಟಿದ್ದರು. ನಾಗರತ್ನ ತಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

"ಆರೂವರೆಯಿಂದ ಕೂತವಳೆ" ಅಂದರು ತಾಯಿ, ಯಾರನ್ನೂ ದೂಷಿಸದ ದನಿಯಲ್ಲಿ.

"ಸುಮ್ನಿರಮ್ಮ. ಪರವಾಗಿಲ್ಲ ಸಾರ್, ನಿಮಗೂ ಕೆಲಸ ಇರುತ್ತೆ."

ಅವತ್ತು ನಾಲ್ಕು ಪುಟ ಓದಿದೆ. ಹೊರಡುವಾಗ ಕ್ಷಮೆ ಕೇಳಿದೆ, ಡ್ರೈವರಿಗೂ ಸೇರಿಸಿ. ಅವರು ನಿಧಾನಕ್ಕೆ ಹೇಳಿದರು.

"ಕಣ್ಣು ಹೋದಾಗ ನಂಗೆ ಅಷ್ಟು ಕಷ್ಟ ಆಗಿದ್ದು ಕತ್ತಲಿಂದ ಅಲ್ಲ ಸಾರ್. ಒಂದು ಕಾಗದ ಬಂದ್ರೆ ಯಾರಾದ್ರೂ ಬರೋವರೆಗೆ ಹಿಡ್ಕೊಂಡು ಕೂರಬೇಕಿತ್ತಲ್ಲ, ಅದರಿಂದ. ಸ್ವಲ್ಪ ಓದಿ ಹೇಳ್ತೀರಾ ಅಂತ ಕೇಳೋದು, ಅವರಿಗೆ ಪುರುಸೊತ್ತು ಇದೆಯೋ ಇಲ್ವೋ ಅಂತ ದನಿಯಲ್ಲೇ ನೋಡೋದು. ಈ ಕಂಪ್ಯೂಟರ್ ಬಂದ ಮೇಲೆ ಅದು ತಪ್ಪಿತ್ತು. ಇದಕ್ಕೆ ನೂರು ಸಲ ಓದು ಅಂದ್ರೂ ಓದ್ತಿತ್ತು. ಸಾರಿ ಕೇಳ್ಬೇಕಾಗಿರಲಿಲ್ಲ."

ಸುಸ್ತಾಗದ, ಉಸಿರು ಬಿಡದ, ಗೃಹಪ್ರವೇಶಕ್ಕೆ ಹೋಗದ ಒಂದು ದನಿಯನ್ನು ಅವರಿಂದ ಕಿತ್ತುಕೊಂಡು, ಅದರ ಜಾಗದಲ್ಲಿ ನಾನು ಬಂದು ಕೂತಿದ್ದೆ. ಅದಕ್ಕೆ ಅವರಿಂದ ದಿನಾ ಥ್ಯಾಂಕ್ಸ್ ಬೇರೆ ಹೇಳಿಸಿಕೊಳ್ಳುತ್ತಿದ್ದೆ.

ಶನಿವಾರ ರಾತ್ರಿಗೆ ಎಪ್ಪತ್ತೆರಡನೇ ಪುಟದಲ್ಲಿದ್ದೆವು.

ಭಾನುವಾರ ಬೆಳಿಗ್ಗೆ ಗಿರಿಜಾ ಆಟೋದಲ್ಲಿ ಬಂದು ಅವರನ್ನು ಪರೀಕ್ಷೆಗೆ ಕರೆದುಕೊಂಡು ಹೋದರು. (ಇವರು ಹೇಳಿದ ಉತ್ತರವನ್ನು ಬರೆಯಲು ಅಲ್ಲಿ ಒಬ್ಬರನ್ನು ಕೊಡುತ್ತಾರೆ.) ಇಸ್ತ್ರಿ ಮಾಡಿದ ಹಸಿರು ಸೀರೆ, ತಲೆಗೆ ಹೂವು. ನಾನು ಗೇಟಿನ ಹತ್ತಿರ ನಿಂತು ಚೆನ್ನಾಗಿ ಬರೀರಿ ಅಂದೆ. ನನ್ನ ಕಡೆ ತಿರುಗಿ ತಲೆಯಾಡಿಸಿದರು.

ತರಬೇತಿ ಕೇಂದ್ರದ ಮೇಷ್ಟ್ರು ಮಂಗಳವಾರ ಬಂದರು. ಮಂಜುನಾಥ್ ಅಂತ ಹೆಸರು. ನನಗೆ ಗೊತ್ತಿರಲಿಲ್ಲ, ಅವರಿಗೂ ಕಣ್ಣಿಲ್ಲ. ಬಿಳಿ ಕೋಲನ್ನು ಮಡಿಸಿ ಪಕ್ಕಕ್ಕಿಟ್ಟು, ಚೀಲದಿಂದ ಹಳೇ ಸೀಡಿ ತೆಗೆದರು. ಕಾರ್ಡನ್ನು ನಾನು ಮೊದಲೇ ವಾಪಸ್ ಕೂರಿಸಿದ್ದೆ. ಕೇಂದ್ರದ ಬೀರುವಿನಲ್ಲಿ, ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರಿನಲ್ಲೂ ಒಂದೊಂದು ಕವರಿನಲ್ಲಿ ಇಟ್ಟಿದ್ದರಂತೆ. ಕೀಬೋರ್ಡ್ ಎಳೆದುಕೊಂಡು, ಕೀಲಿಗಳನ್ನು ಎಣಿಸಿ ಎಣಿಸಿ ಒತ್ತಿದರು. ದನಿಯಿಲ್ಲದ ಯಂತ್ರದಲ್ಲಿ ಎಲ್ಲಿ ಏನಿದೆ ಅಂತ ಅವರ ಬೆರಳಿಗೆ ಗೊತ್ತಿತ್ತು. ಒಂದೇ ಒಂದು ಸಲ "ಸಾರ್, ಸ್ಕ್ರೀನ್ ಮೇಲೆ ಏನು ಬರೆದಿದೆ ನೋಡಿ ಹೇಳಿ" ಅಂದರು. ಹೇಳಿದೆ. ಹತ್ತು ನಿಮಿಷವೂ ಆಗಿರಲಿಲ್ಲ. ಸ್ಪೀಕರಿನಿಂದ ಆ ಕರಕರ ದನಿ ಬಂತು.

ನಾಗರತ್ನ ನಗಲಿಲ್ಲ. ಹತ್ತಿರ ಬಂದು ನಿಂತು ಕೇಳಿಸಿಕೊಂಡರು. ಆಮೇಲೆ ಅಡುಗೆಮನೆಗೆ ಹೋಗಿ ಮೇಷ್ಟ್ರಿಗೆ ಕಾಫಿ ಬೆರೆಸಿದರು.

"ಪರೀಕ್ಷೆ ವಾರದಲ್ಲಿ ಯಾರು ಇದಕ್ಕೆ ಕೈ ಹಾಕಿದ್ದು?" ಅಂತ ಮೇಷ್ಟ್ರು ಗೊಣಗಿದರು. "ನಾನೇ" ಅಂದೆ. ಅವರು ಸೀಡಿಯನ್ನು ಕವರಿಗೆ ಹಾಕಿಕೊಂಡರು.

ಹೋದ ವಾರ ರಿಸಲ್ಟ್ ಬಂತು. ನೋಟಿಸ್ ಬೋರ್ಡಿನಲ್ಲಿ ಹಾಕಿದ ಪಟ್ಟಿಯನ್ನು ಗಿರಿಜಾ ಮೇಲಿನಿಂದ ಕೆಳಗೆ ಎರಡು ಸಲ ಓದಿ ಹೇಳಿದರಂತೆ. ನಾಗರತ್ನ ಅವರ ಹೆಸರಿರಲಿಲ್ಲ. ಮುಂದಿನ ಪರೀಕ್ಷೆ ಯಾವಾಗ ಅಂತ ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಹೊಸ ಫೋನ್ ವ್ಯವಸ್ಥೆಯ ವೈರು ಎಳೆಯುವ ಕೆಲಸ ಮಾತ್ರ ಶುರುವಾಗಿದೆ.

ಮೊನ್ನೆ ಸಂಜೆ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋಗಿದ್ದೆ. ನಿಜ ಹೇಳಬೇಕೆಂದರೆ, ಬೈದುಬಿಟ್ಟರೆ ಸಾಕು ಅಂತಿತ್ತು.

"ನನ್ನಿಂದ ಹೀಗಾಯ್ತು ಮೇಡಂ."

"ಹಾಗೆಲ್ಲ ಅಂದ್ಕೋಬೇಡಿ ಸಾರ್. ಏನು ಕೇಳ್ತಾರೋ ಯಾರಿಗೆ ಗೊತ್ತಿರುತ್ತೆ? ನೀವು ಒಳ್ಳೇದಕ್ಕೇ ಮಾಡಿದ್ರಿ. ವಾರವೆಲ್ಲ ಬಂದು ಓದಿದ್ರಿ." ಒಳಗೆ ತಿರುಗಿ ಹೇಳಿದರು, "ಅಮ್ಮ, ಸಾರ್‌ಗೆ ಕಾಫಿ."

ಜಯಮ್ಮನವರು ಕಾಫಿ ತಂದುಕೊಟ್ಟರು. ಕುಡಿದು, ಲೋಟ ಇಟ್ಟು, ಎದ್ದು ಬಂದೆ. ಮನೆಗೆ ಬರುವಷ್ಟರಲ್ಲಿ ಒಂದು ವಿಷಯ ಅರ್ಥವಾಯಿತು. ಅವರಿಗೆ ಸಿಟ್ಟಿಲ್ಲ ಅಂತಲ್ಲ. ನಾಳೆ ಒಂದು ಕಾಗದ ಬಂದರೆ, ಕರೆಂಟು ಕೈಕೊಟ್ಟರೆ, ತಾಯಿಗೆ ಹುಷಾರು ತಪ್ಪಿದರೆ, ಅವರು ಬಾಗಿಲು ತಟ್ಟಬೇಕಾದ್ದು ನಮ್ಮ ಮನೆಯದೇ. ಸಿಟ್ಟು ಮಾಡಿಕೊಳ್ಳುವ ಸ್ವಾತಂತ್ರ್ಯ ಅವರಿಗೆ ಎಲ್ಲಿದೆ?

ಕೆಡುಕು ಮಾಡಿದವನನ್ನು ಬೈಯಬಹುದು. ಉಪಕಾರ ಮಾಡಿ ಕೆಡಿಸಿದವನಿಗೆ ಕಾಫಿ ಕೊಡದೆ ಇನ್ನೇನು ಮಾಡುತ್ತಾರೆ, ಹೇಳಿ?